ಪಾಡ್ಯದಿಂದ ಜಾರಿಗೆ ಬಂದ ಪಾಲಿಸಿ

ಐದು ಕಚೇರಿಗಳ ಮೆಟ್ಟಿಲು ಹತ್ತಿ, ನಾಲ್ಕರಿಂದ ಬರಿಗೈಯಲ್ಲಿ ಇಳಿದು, ಐದನೆಯದರಲ್ಲಿ ನಾನು ಗೆದ್ದಿದ್ದೆ. ಕಾರು ಇಪ್ಪತ್ತು ವರ್ಷ ಹಳೆಯ ಫಿಯಟ್. ಓಡಿಸುವವನು ಇಪ್ಪತ್ತೆರಡು ವರ್ಷದ ಹುಡುಗ. ಅವನ ಲೈಸೆನ್ಸಿಗೆ ತುಂಬಿದ್ದು ನಾಲ್ಕೇ ತಿಂಗಳು. ಇದರಲ್ಲಿ ಯಾವುದನ್ನೂ ಮುಚ್ಚಿಡದೆ, ಯಾರ ಕೈಯನ್ನೂ ಬೆಚ್ಚಗೆ ಮಾಡದೆ, ಏಳುನೂರ ಹದಿನೈದು ರೂಪಾಯಿಗೆ ಆ ಕಾರಿನ ಸಂಪೂರ್ಣ ವಿಮೆ ಮಾಡಿಸಿದ್ದೆ. ಇದು ೧೯೮೬ರ ಶ್ರಾವಣದ ಮಾತು. ನನಗೀಗ ಎಂಬತ್ತು ದಾಟಿದೆ. ಬದುಕಿನಲ್ಲಿ ಗೆದ್ದದ್ದು ಬೇರೆಯೂ ಉಂಟು; ಆದರೆ ಪರರ ಮನೆಯಲ್ಲಿ ಕುಳಿತು ಹಿಗ್ಗಿ ಹೇಳಿಕೊಂಡದ್ದು ಇದೊಂದನ್ನೇ, ಹೇಳಿಕೊಂಡದ್ದೂ ಒಂದೇ ಸಂಜೆ.

ಹುಡುಗನೆಂದರೆ ನನ್ನ ತಮ್ಮನ ಮಗ ಕಾಶೀನಾಥ. ನಾನು ನಾಗಪುರದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಹೆಡ್‌ಕ್ಲಾರ್ಕ್ ಆಗಿ ನಿವೃತ್ತನಾದವನು. ಧಾರವಾಡದ ಕಡೆಯಿಂದ ನನ್ನ ಬೆನ್ನಿಗೇ ಬಂದು ಇಲ್ಲಿ ಗುತ್ತಿಗೆ ಕೆಲಸ ಹಿಡಿದಿದ್ದ ತಮ್ಮ ಹಿಂದಿನ ವರ್ಷ ತೀರಿಕೊಂಡಿದ್ದ. ಅವನು ಬಿಟ್ಟುಹೋದದ್ದು ಹೆಂಡತಿ ಕಲಾವತಿ, ಈ ಮಗ ಮತ್ತು ಟಾರ್ಪಾಲಿನ ಕೆಳಗೆ ನಿಂತ ಆ ಫಿಯಟ್. ಊರ ಹೊರಗೆ, ಅಮರಾವತಿ ರಸ್ತೆಯ ಮೇಲಿನ ವಾಡಿ ಎಂಬಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು, ನನಗೆ ಮಕ್ಕಳಿರಲಿಲ್ಲ.

ಕಳಮೇಶ್ವರದಲ್ಲಿ ನೀರೆತ್ತುವ ಪಂಪುಗಳನ್ನು ಮಾಡುವ ಒಂದು ಕಂಪನಿ ಕಾಶೀನಾಥನಿಗೆ ಕೆಲಸ ಕೊಡಲು ಒಪ್ಪಿತ್ತು. ಹಳ್ಳಿಹಳ್ಳಿಗೆ ಪಂಪು ಹೊತ್ತು ತಿರುಗುವ ಕೆಲಸ, ತಿಂಗಳಿಗೆ ಎಂಟುನೂರು. ಕರಾರು ಒಂದೇ: ಸ್ವಂತ ಕಾರು ಇರಬೇಕು, ಅದಕ್ಕೆ ಸಂಪೂರ್ಣ ವಿಮೆ ಇರಬೇಕು, ಶುಕ್ರವಾರ ಬೆಳಿಗ್ಗೆ ಎರಡೂ ಗೇಟಿನ ಮುಂದೆ ಇರಬೇಕು. ಇಲ್ಲವಾದರೆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವನಿಗೆ. ಎರಡು ವರ್ಷ ನಿರುದ್ಯೋಗಿಯಾಗಿ ಕುಳಿತವನಿಗೆ ಆ ಒಂದು ಕಾಗದವೇ ಅನ್ನವಾಗಿತ್ತು.

ಸೋಮವಾರ ಧರಮಪೇಠದಿಂದ ಆರಂಭಿಸಿದೆವು. ಮೊದಲ ಕಚೇರಿಯ ಗುಮಾಸ್ತ ಲೈಸೆನ್ಸನ್ನು ತಿರುವಿ ನೋಡಿ, ಥರ್ಡ್ ಪಾರ್ಟಿ ಬೇಕಾದರೆ ಈಗಲೇ ಬರೆದುಕೊಡುತ್ತೇನೆ, ಕಾರಿಗೆ ವಿಮೆ ಕೊಡಲಾರೆ ಎಂದ. ಎರಡನೆಯವರು ಸರ್ವೇಯರ್ ಬಂದು ನೋಡಬೇಕು, ಹದಿನೈದು ದಿನವಾದೀತು ಎಂದರು. ಮೂರನೆಯ ಕಡೆ ಒಬ್ಬ ಏಜೆಂಟ್ ನಮ್ಮನ್ನು ಚಹದಂಗಡಿಗೆ ಕರೆದೊಯ್ದು, ಸಾವಿರದ ನೂರು ರೂಪಾಯಿಯ ಲೆಕ್ಕ ಒಪ್ಪಿಸಿ, ಅದರ ಮೇಲೆ ತನಗೆ ಇನ್ನೂರು ಎಂದ. ನಾಲ್ಕನೆಯ ಕಚೇರಿಯಲ್ಲಿ ಒಬ್ಬ ವಯಸ್ಸಾದ ಅಧಿಕಾರಿ ಕಾಶೀನಾಥನ ಮುಖವನ್ನು ಕನ್ನಡಕದ ಮೇಲಿನಿಂದ ನೋಡಿ, "ಇನ್ನೂ ಮೀಸೆ ಚಿಗುರಿಲ್ಲ, ಮೊದಲು ಸೈಕಲ್ಲಿಗೆ ವಿಮೆ ಮಾಡಿಸು" ಎಂದು ಹಿಂದಿಯಲ್ಲಿ ಹೇಳಿ ನಕ್ಕ.

ಹೊರಗೆ ಬಂದ ಮೇಲೆ ಕಾಶೀನಾಥ, "ದೊಡ್ಡಪ್ಪ, ಒಂದು ಸುಳ್ಳು ಮೀಸಿ ಹಚ್ಚಿಕೊಂಡು ಬರ್ಲೇನು? ಸೀತಾಬರ್ಡಿಯಾಗ ನಾಟಕದ ಸಾಮಾನು ಸಿಗ್ತಾವು" ಎಂದ.

"ಮೀಸಿ ಹಚ್ಚಿಕೊಂಡ್ರ ಲೈಸೆನ್ಸಿನ ತಾರೀಖು ಹಿಂದಕ್ಕ ಹೋಗತೈತೇನು? ಬಾ ಸುಮ್ಮನ."

"ಮಂದಿ ಮಾತಾಡೂದು ಕೇಳಿದ್ರ ನಾ ಹುಟ್ಟಿದ್ದ ಗುನ್ಹೆ ಅನಸ್ತೈತಿ ನೋಡ್ರಿ."

ಅವನು ನಗುತ್ತಲೇ ಹೇಳಿದ. ಆದರೆ ನಡೆಯುವಾಗ ಕಾಗದದ ಚೀಲವನ್ನು ಎದೆಗೆ ಅವುಚಿಕೊಂಡಿದ್ದ.

ಬುಧವಾರ ಸೀತಾಬರ್ಡಿಯ ಐದನೆಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಪಾಠಕ್ ಎಂಬ ಮರಾಠಿ ಗೃಹಸ್ಥ, ತಾಳ್ಮೆಯ ಮನುಷ್ಯ. ಹಿಂದಿನ ರಾತ್ರಿ ಕುಳಿತು ಬರೆದ ಮೂರು ಪುಟದ ಅರ್ಜಿಯನ್ನು ಅವನ ಮುಂದೆ ಇಟ್ಟೆ. ಕಾರಿನ ವಯಸ್ಸು, ಎಂಜಿನ್ನಿನ ದುರಸ್ತಿ, ಹುಡುಗನ ಅನುಭವದ ಕೊರತೆ ಎಲ್ಲವನ್ನೂ ನಾನೇ ಮೊದಲು ಒಪ್ಪಿಕೊಂಡಿದ್ದೆ. ಕೊನೆಯಲ್ಲಿ, ಕಾರಿಗೆ ಏನೇ ಹಾನಿಯಾದರೂ ಮೊದಲ ಸಾವಿರ ರೂಪಾಯಿಯನ್ನು ನಾವೇ ಭರಿಸುತ್ತೇವೆ, ಅದಕ್ಕೆ ತಕ್ಕಂತೆ ಕಂತನ್ನು ಇಳಿಸಬೇಕು ಎಂದು ಕೇಳಿದ್ದೆ. ಮೂವತ್ತೈದು ವರ್ಷ ಸರ್ಕಾರಿ ಕಾಗದ ಬರೆದವನಿಗೆ ಒಂದು ನಂಬಿಕೆ ಬಂದಿರುತ್ತದೆ: ಎದುರಿನವನು ಎತ್ತಬಹುದಾದ ಆಕ್ಷೇಪವನ್ನು ನಾವೇ ಎತ್ತಿ ಉತ್ತರಿಸಿದರೆ ಅವನಿಗೆ ಇಲ್ಲವೆನ್ನಲು ಬಾಯಿ ಉಳಿಯುವುದಿಲ್ಲ.

ಪಾಠಕ್ ಅರ್ಜಿಯನ್ನು ಎರಡು ಸಲ ಓದಿದ. ತಾನೇ ಕೆಳಗಿಳಿದು ಬಂದು ಕಾರಿನ ಸುತ್ತ ತಿರುಗಿ, ಬ್ರೇಕು ಒತ್ತಿ ನೋಡಿದ. ಮೇಲೆ ಹೋಗಿ ಲೆಕ್ಕ ಹಾಕಿ, "ಏಳುನೂರ ಹದಿನೈದು" ಎಂದ. ಕಾಶೀನಾಥ ಕುರ್ಚಿಯ ಕೆಳಗೆ ನನ್ನ ಕಾಲನ್ನು ಮುಟ್ಟಿದ.

"ಈ ಕ್ಷಣದಿಂದಲೇ ಜಾರಿ ಎಂದು ಬರೆಯುತ್ತೇನೆ, ಹಿರೇಮಠಜೀ. ಹನ್ನೊಂದೂವರೆ."

ನಾನು ಕೈ ತೋರಿಸಿ ತಡೆದೆ. ಆ ಮಧ್ಯಾಹ್ನವೇ ಶ್ರಾವಣದ ಅಮಾವಾಸ್ಯೆ ಹತ್ತುವುದಿತ್ತು. ಮರುದಿನ ಗುರುವಾರ ಪೋಳಾ, ಆ ಕಡೆಯ ಎತ್ತುಗಳ ಹಬ್ಬ. ನಾವು ಜಂಗಮರು; ನಮ್ಮ ಮನೆಯಲ್ಲಿ ಪಂಚಾಂಗ ನೋಡದೆ ಒಲೆಯನ್ನೂ ಹೂಡಿದವರಿಲ್ಲ. ಎತ್ತಿನ ಕೊರಳಿಗೆ ನೊಗ ತಾಗದ ದಿನ ಚಕ್ರವೂ ಉರುಳಬಾರದೆಂಬುದು ನನ್ನ ತಂದೆಯ ಕಾಲದಿಂದ ಬಂದ ನೇಮ. ತಂದೆ ಸತ್ತ ಮರುವರ್ಷವೇ ಮಗ ಹಿಡಿಯುವ ಹೊಸ ಬದುಕು ಅಮಾವಾಸ್ಯೆಯ ಕತ್ತಲಲ್ಲಿ ಆರಂಭವಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಪಾಡ್ಯದಿಂದ, ಅಂದರೆ ಶುಕ್ರವಾರದಿಂದ ಜಾರಿಗೆ ಬರಲಿ ಎಂದೆ.

ಪಾಠಕ್ ಪೆನ್ನು ಕೆಳಗಿಟ್ಟ. "ನಾನು ಬ್ರಾಹ್ಮಣ, ಹಿರೇಮಠಜೀ, ನನಗೂ ತಿಥಿ ಗೊತ್ತು. ಆದರೆ ಅಪಘಾತಕ್ಕೆ ಗೊತ್ತಿಲ್ಲ. ಇವತ್ತಿನಿಂದ ಬರೆಯಲು ಬಿಡಿ."

"ಎರಡು ದಿನ ಗಾಡಿ ಅಂಗಳದಿಂದ ಅಲುಗುವುದಿಲ್ಲ. ಆ ಮಾತು ನನ್ನದು."

"ಹಾಗಾದರೆ ಒಂದು ಸಾಲು ಬರೆದು ಸಹಿ ಮಾಡಿಕೊಡಿ."

ಬರೆದುಕೊಟ್ಟೆ: ನಮ್ಮ ಕೋರಿಕೆಯಂತೆ ಪಾಲಿಸಿಯು ಶುಕ್ರವಾರ ಜಾರಿಗೆ ಬರತಕ್ಕದ್ದು, ಅಲ್ಲಿಯವರೆಗಿನ ಹೊಣೆ ಕಂಪನಿಯದಲ್ಲ. ಅಕ್ಷರಗಳು ಮುದ್ದಾಗಿ ಬಂದಿದ್ದವು. ಅದರ ಕೆಳಗೆ ಕಾಶೀನಾಥನೂ ಸಹಿ ಮಾಡಿದ. ಓದಿ ನೋಡಲಿಲ್ಲ, ನಾನು ಬರೆದದ್ದೆಂದು. ಕಾರನ್ನು ಹೊತ್ತು ಮೀರುವ ಮೊದಲೇ ಮನೆಗೆ ತಂದು ಅಂಗಳದಲ್ಲಿ ನಿಲ್ಲಿಸಿದೆವು.

ಆ ಸಂಜೆ ನಾನು ಮಲ್ಲೇಶಪ್ಪನ ಮನೆಗೆ ಹೋದೆ. ಎರಡು ಮನೆ ಆಚೆ ಇದ್ದವನು, ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಕೆಲಸಗಾರ, ಬಾಗಲಕೋಟೆಯ ಕಡೆಯವನು. ಹೆಂಡತಿ ಇರಲಿಲ್ಲ. ಕಾಲೇಜಿಗೆ ಹೋಗುವ ಮಗಳು ದಮಯಂತಿ ಚಹ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ನಾನು ಐದೂ ಕಚೇರಿಗಳ ಕಥೆಯನ್ನು ಹೇಳಿದೆ. ಮೀಸೆಯ ಮಾತಿಗೆ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಅಯ್ಯಾವ್ರ, ನಿಮ್ಮ ಕೈಯಾಗ ಒಂದು ಹಾಳಿ ಕೊಟ್ರ ಯಮನ ಕಡಿಂದಾನೂ ಸಹಿ ತಗೊಂಡು ಬರ್ತೀರಿ ಬಿಡ್ರಿ" ಎಂದ ಮಲ್ಲೇಶಪ್ಪ.

"ಅಮಾಸಿ ದಿನ ಬ್ಯಾಡ ಅಂತ ತಾರೀಖನೂ ಬದಲಿ ಮಾಡ್ಸೀನಿ."

"ಚಲೋ ಮಾಡಿದ್ರಿ. ಪಾಡ್ಯ ಅಂದ್ರ ಬೆಳಿಯೂ ಚಂದ್ರ. ಹುಡುಗನೂ ಬೆಳೀತಾನ."

ದಮಯಂತಿ, "ಕಾಕಾ, ಇನ್ನ ಮ್ಯಾಲೆ ಕಾಶೀನಾಥ ನಮಗ ಕಾಲೇಜಿಗೆ ಲಿಫ್ಟ್ ಕೊಡ್ತಾನಲ್ರಿ? ಬಸ್ಸಿನಾಗ ನಿಂತು ನಿಂತು ಸಾಕಾಗೇತಿ" ಎಂದಳು.

"ಪಂಪಿನ ಮ್ಯಾಲೆ ಕುಂದ್ರತಿಯೇನು?" ಎಂದು ಅವಳ ತಂದೆ ಕೇಳಿದ. ಮೂವರೂ ನಕ್ಕೆವು.

ಗುರುವಾರ ಬೆಳಿಗ್ಗೆ ಕಲಾವತಿ ಕಾರಿನ ಚಕ್ರಗಳಿಗೆ ಅರಿಸಿನ ಕುಂಕುಮ ಹಚ್ಚಿದಳು. ಹೋಳಿಗೆ ಆಯಿತು. ವಾಡಿಯ ಸುತ್ತಲಿನ ರೈತರು ಕೊಂಬಿಗೆ ಬಣ್ಣ ಬಳಿದ ಎತ್ತುಗಳನ್ನು ಮೆರವಣಿಗೆಗೆ ಹೊರಡಿಸುತ್ತಿದ್ದರು. ತಮಟೆಯ ಸದ್ದು ಆಗಾಗ ಕೇಳುತ್ತಿತ್ತು. ಮೂರೂವರೆಯ ಹೊತ್ತಿಗೆ ಕಳಮೇಶ್ವರದ ಕಂಪನಿಯ ಆಳು ಲೂನಾ ಗಾಡಿಯ ಮೇಲೆ ಬಂದ. ಮ್ಯಾನೇಜರ್ ಇವತ್ತೇ ಸಂಜೆಯ ರೈಲಿಗೆ ಬೊಂಬಾಯಿಗೆ ಹೊರಟಿದ್ದಾರೆ, ಮತ್ತೆ ಬರುವುದು ಹತ್ತು ದಿನಕ್ಕೆ. ಕಾರನ್ನೂ ಕಾಗದವನ್ನೂ ಐದರೊಳಗೆ ತೋರಿಸಿದರೆ ಸರಿ, ಇಲ್ಲದಿದ್ದರೆ ಮುಂದಿನವನನ್ನು ತೆಗೆದುಕೊಳ್ಳುತ್ತಾರೆ ಎಂದು ಹೇಳಿ ಹೋದ.

ಕಾಶೀನಾಥ ಅಂಗಳದಲ್ಲಿ ನಿಂತೇ ಇದ್ದ. "ಬಸ್ಸಿಗೆ ಹೋಗಿ ಕಾಲು ಹಿಡಿದು ಕೇಳಿ ನೋಡ್ತೀನ್ರಿ, ದೊಡ್ಡಪ್ಪ. ಒಂದು ದಿನ ತಡೀರಿ ಅಂತೀನಿ."

"ಗಾಡಿ ನೋಡಬೇಕು ಅಂದವರಿಗೆ ಬಸ್ ತೋರಸ್ತೀಯೇನು?"

ನಾನು ಒಳಗೆ ಹೋಗಿ ಪಂಚಾಂಗ ತೆಗೆದೆ. ಅಮಾವಾಸ್ಯೆ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಮುಗಿದಿತ್ತು. ಆ ಸಾಲನ್ನು ಓದಿದಾಗ ನನ್ನ ಮನಸ್ಸು ಎಷ್ಟು ಹಗುರವಾಯಿತೆಂಬುದು ಈಗಲೂ ನೆನಪಿದೆ. ಹೊರಗೆ ಬಂದು ಹೇಳಿದೆ:

"ಅಮಾಸಿ ಮುಗದು ಮೂರು ತಾಸಾತು. ಈಗ ಪಾಡ್ಯ. ಗಾಡಿ ತಗಿ."

"ಪಾಲಿಸಿ ನಾಳಿಂದ ಐತ್ರಿ."

"ನಾವು ಕೇಳಿದ್ದು ಪಾಡ್ಯ. ಪಾಡ್ಯ ಬಂದೈತಿ."

"ಕಾಗದದಾಗ ಶುಕ್ರವಾರ ಅಂತ ಬರದೈತಲ್ರಿ."

"ಕಾಗದ ಬರಸಿದವ ನಾನೋ, ನೀನೋ?"

ಅವನು ಒಳಗೆ ಹೋಗಿ ಕೀಲಿ ತಂದ. ನಮ್ಮ ಮನೆಯಲ್ಲಿ ಹಿರಿಯರ ಮಾತಿಗೆ ಎರಡು ಸಲ ಎದುರು ಹೇಳುವ ರೂಢಿಯಿತ್ತು. ಮೂರನೆಯ ಸಲ ಹೇಳುವ ರೂಢಿ ಇರಲಿಲ್ಲ. ಸರ್ಕಾರದ ದಿನ ನಡುರಾತ್ರಿಗೆ ತಿರುಗುತ್ತದೆ ಎಂಬುದನ್ನು ನಾನು ಅರಿಯದವನಲ್ಲ. ಮೂವತ್ತೈದು ವರ್ಷ ಅದೇ ದಿನವನ್ನು ಕಾಗದದ ಮೇಲೆ ಬರೆದವನು. ಆದರೂ ಆ ಘಳಿಗೆಯಲ್ಲಿ ನನಗೆ ದಿನವೆಂದರೆ ತಿಥಿಯೇ ಆಗಿತ್ತು, ತಿಥಿ ತಿರುಗಿತ್ತು. ಕಾರು ಗೇಟು ದಾಟುವಾಗ ನಾನೇ ಮುಂದೆ ನಿಂತು ದಾರಿ ಬಿಡಿಸಿದೆ.

ನಡೆದದ್ದು ವಾಡಿ ನಾಕಾದ ಆಚೆ. ಮೆರವಣಿಗೆಗೆ ಹೊರಟ ಒಂದು ಜೋಡಿ ಎತ್ತು ತಮಟೆಗೆ ಬೆದರಿ, ಹಗ್ಗ ಕಿತ್ತುಕೊಂಡು ರಸ್ತೆಗೆ ನುಗ್ಗಿತು. ಕಾಶೀನಾಥ ಕಾರನ್ನು ಎಡಕ್ಕೆ ಎಳೆದ. ಎಡಗಡೆಯಲ್ಲಿ, ಪಾಳಿ ಮುಗಿಸಿ ಸೈಕಲ್ಲಿನ ಮೇಲೆ ಮನೆಗೆ ಬರುತ್ತಿದ್ದವನು ಮಲ್ಲೇಶಪ್ಪ. ಹಳಬನಾದ ಚಾಲಕನಾಗಿದ್ದರೆ ನೆಟ್ಟಗೆ ಬ್ರೇಕು ಒತ್ತುತ್ತಿದ್ದನೆಂದು ಆಮೇಲೆ ಪೊಲೀಸರು ಹೇಳಿದರು. ಇದ್ದೀತು. ಅದೇ ಕಾರಿನಲ್ಲಿ ಪೆಟ್ಟಾದವನನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಕಾಶೀನಾಥ ಸರ್ಕಾರಿ ಆಸ್ಪತ್ರೆಗೆ ಓಡಿಸಿದ. ದಾರಿಯುದ್ದಕ್ಕೂ ಮಲ್ಲೇಶಪ್ಪ, "ಸಾವಕಾಶ ಹೊಡಿ ತಮ್ಮ, ಸಾವಕಾಶ ಹೊಡಿ" ಎನ್ನುತ್ತಿದ್ದನಂತೆ. ಮೂರನೆಯ ದಿನ ಪ್ರಾಣ ಬಿಟ್ಟ.

ಠಾಣೆಯಲ್ಲಿ ಕಾಶೀನಾಥನನ್ನು ಕೇಳಿದರು: ವಿಮೆ ನಾಳೆಯಿಂದ ಎಂದು ಗೊತ್ತಿತ್ತೇ? ಗೊತ್ತಿತ್ತು. ಗೊತ್ತಿದ್ದೂ ಏಕೆ ತೆಗೆದೆ? ಕೆಲಸ ಹೋಗುತ್ತದೆಂಬ ಹೆದರಿಕೆಗೆ. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲವೇ? ದೊಡ್ಡಪ್ಪ ಮಲಗಿದ್ದರು, ಹೇಳದೆ ಗಾಡಿ ತೆಗೆದೆ. ನಾನು ಅವನ ಪಕ್ಕದ ಬೆಂಚಿನ ಮೇಲೆಯೇ ಕುಳಿತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ಬರೆದುಕೊಳ್ಳುವವನ ಪೆನ್ನು ಓಡುತ್ತಿತ್ತು. ಅದನ್ನು ನಿಲ್ಲಿಸಲು ಒಂದು ವಾಕ್ಯ ಸಾಕಿತ್ತು. ಅದನ್ನು ನಾನು ಆಡಲಿಲ್ಲ.

ವಿಮಾ ಕಚೇರಿಯ ಉತ್ತರ ಒಂದು ಪುಟವೂ ಇರಲಿಲ್ಲ. ಘಟನೆಯ ಕಾಲಕ್ಕೆ ಪಾಲಿಸಿ ಜಾರಿಯಲ್ಲಿರಲಿಲ್ಲವೆಂದೂ, ದಿನಾಂಕವನ್ನು ಅರ್ಜಿದಾರರೇ ಲಿಖಿತವಾಗಿ ಕೋರಿದ್ದರೆಂದೂ ಅದರಲ್ಲಿತ್ತು. ಅವರು ಹೇಳಿದ್ದು ಸತ್ಯವೇ. ಪಾಠಕ್ ಒಮ್ಮೆ ತಾನಾಗಿ ಮನೆಗೆ ಬಂದು, ಕುಳಿತು, ನೀರು ಕುಡಿದು ಎದ್ದುಹೋದ.

ಕಳಮೇಶ್ವರದ ಕೆಲಸ ಮುಂದಿನವನಿಗೆ ಹೋಯಿತು. ಕಾಶೀನಾಥನ ಮೇಲೆ ಖಟ್ಲೆ ಬಿತ್ತು. ಪರಿಹಾರಕ್ಕಾಗಿ ದಮಯಂತಿ ಬೇರೆ ಅರ್ಜಿ ಹಾಕಿದಳು. ಅವಳು ಕಾಲೇಜು ಬಿಟ್ಟು ಒಂದು ಬಟ್ಟೆಯಂಗಡಿಯಲ್ಲಿ ನಿಂತಳು. ಕೇರಿಯ ಕನ್ನಡದವರೆಲ್ಲ ಒಂದೇ ಮಾತು ಆಡಿದರು: ಹುಡುಗ ಅವಸರದವನು, ಅಷ್ಟು ಕಟ್ಟುನಿಟ್ಟಿನ ದೊಡ್ಡಪ್ಪನ ಕಣ್ಣು ತಪ್ಪಿಸಿ ಗಾಡಿ ತೆಗೆದ. ನನ್ನನ್ನು ಕಂಡಾಗ ಅವರು ಮರುಕದಿಂದ ತಲೆಯಾಡಿಸುತ್ತಿದ್ದರು. ಆ ಮರುಕವನ್ನು ನಾನು ಎಂಟು ತಿಂಗಳು ಸ್ವೀಕರಿಸಿದೆ.

ಈ ಎಂಟು ತಿಂಗಳಲ್ಲಿ ಕಾಶೀನಾಥ ಲಾರಿ ಗ್ಯಾರೇಜೊಂದರಲ್ಲಿ ಗ್ರೀಸು ಮೆತ್ತುವ ಕೆಲಸಕ್ಕೆ ಸೇರಿದ್ದ. ಮನೆಗೆ ಬಂದರೆ ಉಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಒಮ್ಮೆ ನಾನು, "ಖರೇ ಹೇಳಿಬಿಡ್ತೀನಿ, ತಮ್ಮ" ಎಂದೆ. ಅವನು ತಿರುಗದೆಯೇ, "ಹೇಳಿದ್ರ ಪಾಲಿಸಿ ಹಿಂದಿನ ತಾರೀಖಿಂದ ಚಾಲೂ ಆಗತೈತೇನ್ರಿ?" ಎಂದ. ನಾನು ಅದನ್ನೇ ನೆಪ ಮಾಡಿಕೊಂಡು ಸುಮ್ಮನಾದೆ.

ವೈಶಾಖದ ಒಂದು ಮಧ್ಯಾಹ್ನ ದಮಯಂತಿ ಬಂದಳು. ಹೊರಗೆ ಬಿಸಿಲು ಬೆಂಕಿಯಾಗಿತ್ತು. ಒಳಗೆ ಕರೆದರೂ ಬರದೆ ಪಡಸಾಲೆಯ ಅಂಚಿನಲ್ಲೇ ಕುಳಿತು, ಕೈಚೀಲದಿಂದ ಟೈಪು ಮಾಡಿದ ಎರಡು ಹಾಳೆಗಳನ್ನು ತೆಗೆದಳು.

"ವಕೀಲರು ಕೊಟ್ಟಾರ್ರಿ ಕಾಕಾ. ನೀವು ಸಾಕ್ಷಿ ಹೇಳಬೇಕಂತ. ಇಂಗ್ಲಿಷಿನ್ಯಾಗ ಐತಿ, ನೀವ ಓದಿ ಬರೋಬರ್ ಐತೇನು ನೋಡ್ರಿ. ಕೆಳಗ ಸಹಿ ಮಾಡ್ರಿ."

ಓದಿದೆ. ವಾಹನವನ್ನು ಶುಕ್ರವಾರದವರೆಗೆ ಹೊರಗೆ ತೆಗೆಯಕೂಡದೆಂದು ನಾನು ಕಾಶೀನಾಥನಿಗೆ ಸ್ಪಷ್ಟವಾಗಿ ಆಜ್ಞಾಪಿಸಿದ್ದೆನೆಂದೂ, ಅವನು ನನ್ನ ಅರಿವಿಲ್ಲದೆ, ಉದ್ದೇಶಪೂರ್ವಕವಾಗಿ ಅದನ್ನು ಕೊಂಡೊಯ್ದನೆಂದೂ ಅದರಲ್ಲಿತ್ತು. ವಾಕ್ಯಗಳು ಬಿಗಿಯಾಗಿದ್ದವು, ತಿದ್ದಲು ಒಂದು ಪದವೂ ಇರಲಿಲ್ಲ.

"ಇದಕ್ಕ ನಾನು ಸಹಿ ಮಾಡಿದ್ರ ನಿನಗೇನು ಸಿಗತೈತಿ?"

"ರೊಕ್ಕ ಎಷ್ಟ ಸಿಗತೈತೋ ಗೊತ್ತಿಲ್ರಿ. ಕೊಡಾಕ ಅವನ ಕಡೆ ಏನೈತಿ? ಆದ್ರ ಅವ ಬೇಕಂತ ಮಾಡಿದ ಅನ್ನೂದು ಕಾಗದದ ಮ್ಯಾಲೆ ಆಗಲಿ. ಅಪ್ಪನ ಮಣ್ಣಿಗೆ ಬಂದಾಗ ನನ್ನ ಮುಂದ ನಿಂತು ಒಂದ ಮಾತು ಆಡ್ಲಿಲ್ಲ ನೋಡ್ರಿ ಅವ. ಒಂದ ಮಾತು."

ಕಲಾವತಿ ಒಳಬಾಗಿಲಲ್ಲಿ ನಿಂತಿದ್ದಳು. ಮಗನನ್ನು ಕಳಿಸಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಅಂದು ಅಂಗಳದಲ್ಲಿ ಅವಳೂ ಇದ್ದಳು. ಈ ಎಂಟು ತಿಂಗಳು ಅವಳೂ ಬಾಯಿ ತೆರೆದಿರಲಿಲ್ಲ. ಈಗ ನನ್ನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತಿದ್ದಳು.

ಪೆನ್ನಿನ ಟೊಪ್ಪಿಗೆಯನ್ನು ತೆಗೆದವನು ಮತ್ತೆ ಹಾಕಿದೆ.

"ಇದು ಸುಳ್ಳೈತಿ, ದಮಯಂತಿ. ಅವ ಬ್ಯಾಡ ಅಂದ. ಎರಡ ಸಲ ಅಂದ. ಪಾಲಿಸಿ ನಾಳಿಂದ ಐತಿ ಅಂತ ನನಗ ನೆನಪು ಮಾಡಿಕೊಟ್ಟ. ಅಮಾಸಿ ಮುಗದೈತಿ, ಪಾಡ್ಯ ಬಂದೈತಿ, ಗಾಡಿ ತಗಿ ಅಂತ ಕಳಿಸಿದವ ನಾನು. ಠಾಣೆದಾಗ ಅವ ನನ್ನ ಹೆಸರು ಮುಚ್ಚಿದ. ನಾನು ಮುಚ್ಚಗೊಟ್ಟೆ."

ಅವಳು ಅಳಲಿಲ್ಲ. ಎದ್ದು ಹೋಗಲೂ ಇಲ್ಲ. ಹಾಳೆಗಳನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಮಡಚಿ, ಮಡಿಲಲ್ಲಿಟ್ಟುಕೊಂಡಳು. ಅಂಗಳದ ಕಡೆ ನೋಡಿದಳು. ಕಾರು ಮಾರಿಹೋಗಿ ಅಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು. ಆಮೇಲೆ ನನ್ನ ಕಡೆ ತಿರುಗಿ, ದನಿಯನ್ನು ಏರಿಸದೆ ಹೇಳಿದಳು:

"ನಮ್ಮ ಮನ್ಯಾಗ ಕುಂತು ಹೇಳಿದ್ರೆಲ್ಲಾ, ಐದು ಆಫೀಸಿನ ಕಥಿ, ಪಾಲಿಸಿ ಹೆಂಗ ಗಿಟ್ಟಿಸಿದ್ರಿ ಅನ್ನೂದು. ಅವತ್ತ ಅಪ್ಪ ನಗಾಕತ್ತಿದ್ದ, ನಾನೂ ಅರ್ಧ ಕೇಳಿದ್ದೆ. ಮೊದಲಿಂದ ಇನ್ನೊಮ್ಮೆ ಹೇಳ್ರಿ, ಕಾಕಾ. ಏನೂ ಬಿಡಬ್ಯಾಡ್ರಿ."